ಸಿಗ್ನಲ್ ನಿಲ್ಲದ ಗ್ರಂಥಾಲಯದಲ್ಲಿ ಉಚಿತ ಇ-ಪುಸ್ತಕ: ನನ್ನ ಅನುಭವ

ಬಾದಾಮಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಬರುವ ಓದುಗರು ಈಗ ಡೇಟಾ ಖರ್ಚಿಲ್ಲದೆ ತಮ್ಮ ಮೊಬೈಲಿನಲ್ಲೇ ನಿಘಂಟು, ವಿಶ್ವಕೋಶ, ಜಿಲ್ಲೆಗಳ ವಿವರ ಕೊಡುವ ಹಳೆಯ ಸರ್ಕಾರಿ ಗ್ಯಾಸೆಟಿಯರ್‌ಗಳನ್ನು ತೆರೆದು ಓದುತ್ತಾರೆ. ಈ ಯೋಜನೆಯನ್ನು ಸಭೆಯಲ್ಲಿ ಹೇಳಿದ ದಿನ ಹಿರಿಯ ಮೇಲ್ವಿಚಾರಕರೊಬ್ಬರು "ಇದೆಲ್ಲಾ ನಮ್ಮ ಹಳ್ಳ್ಯಾಗ ನಡ್ಯೂದಿಲ್ಲ ಬಿಡ್ರಿ ಸರ" ಎಂದಿದ್ದರು. ಈಗ ಅಕ್ಕಪಕ್ಕದ ಪಂಚಾಯಿತಿಯವರೂ ಬಂದು ನೋಡಿಕೊಂಡು ಹೋಗುತ್ತಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಸದಸ್ಯರನ್ನು ಮಾಡಿಸುವ ವಿಧಾನ ಗ್ರಂಥಾಲಯದ ನಮ್ಮವರಿಗೆಲ್ಲ ಗೊತ್ತಿದೆ. ನಮಗೆ ತೊಡಕಾದದ್ದು ಕಲ್ಲಿನ ಕಟ್ಟಡ. ಒಳಗೆ ಸಿಗ್ನಲಿನ ಒಂದು ಕಡ್ಡಿಯೂ ನಿಲ್ಲುವುದಿಲ್ಲ. ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮೊದಲು ನನ್ನ ಮೊಬೈಲಿನಿಂದಲೇ ಹಾಟ್‌ಸ್ಪಾಟ್ ಕೊಟ್ಟೆ; ನಾಲ್ಕು ಹುಡುಗರು ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ತೆರೆದರೆ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆಮೇಲೆ ಸುಮಾರು 2,500 ರೂಪಾಯಿ ಸುರಿದು ಮಾಳಿಗೆಯ ಮೇಲೆ ಕಟ್ಟಿಸಿದ ಅಂಟೆನಾ ಮೊದಲ ಮಳೆಗಾಳಿಗೇ ವಾಲಿತು.

ಆಗ ಹೊಳೆದದ್ದು, ಓದುಗರನ್ನು ಇಂಟರ್‌ನೆಟ್ಟಿಗೆ ಒಯ್ಯುವ ಬದಲು ಪುಸ್ತಕಗಳನ್ನೇ ಒಳಗೆ ತಂದಿಡುವ ದಾರಿ. ಬಾಗಲಕೋಟೆಯಲ್ಲಿ ಹಳೆಯ ಕಂಪ್ಯೂಟರೊಂದು 6,000 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ಓದುಗರ ಮೊಬೈಲುಗಳಿಗೆ ವೈಫೈ ಕೊಡುವ ರೌಟರ್, ಹಾರ್ಡ್ ಡಿಸ್ಕ್, ಸಣ್ಣ ಯುಪಿಎಸ್ ಸೇರಿ ಇನ್ನೊಂದು ಎಂಟು-ಒಂಬತ್ತು ಸಾವಿರ ಆಗಿರಬೇಕು. ಅರ್ಧದಷ್ಟನ್ನು ಊರಿನ ನಿವೃತ್ತ ಶಿಕ್ಷಕರೊಬ್ಬರು ಕೊಟ್ಟರು, ಉಳಿದದ್ದು ನನ್ನ ಜೇಬಿನದು. ವಿಕಿಪೀಡಿಯದಂಥ ತಾಣಗಳನ್ನು ಇಂಟರ್‌ನೆಟ್ ಇಲ್ಲದೆಯೂ ಓದಿಸುವ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ, ಕನ್ನಡ ವಿಕಿಪೀಡಿಯ ಮತ್ತು ಅದರ ಸೋದರ ನಿಘಂಟಾದ ವಿಕ್ಷನರಿಗಳನ್ನು ಇಳಿಸಿದೆ. ಇಂಟರ್‌ನೆಟ್ ಆರ್ಕೈವ್‌ನಿಂದ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಮಾತ್ರ ಆರಿಸಿದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿರದ ಪುಸ್ತಕವನ್ನು, ಯಾರು ಎಷ್ಟೇ ಕೇಳಿದರೂ, ಈ ಡಿಸ್ಕಿಗೆ ಹಾಕುವುದಿಲ್ಲ.

ನಿಜವಾದ ದುಡಿಮೆ ಹುಡುಕಾಟದಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಬಾದಾಮಿ, ಹುನಗುಂದಗಳ ಹಳೆಯ ವಿವರ ಬೇಕಾದವರು ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ 23ನೆಯ ಸಂಪುಟವನ್ನು, ಅಂದರೆ 1884ರ ಬಿಜಾಪುರ ಸಂಪುಟವನ್ನು ತೆರೆಯಬೇಕು. ಬೆಳಗಾವಿಯದು 21ನೆಯದು. ಅದಕ್ಕೂ ಹಿಂದಿನ ಕಾಗದಪತ್ರ ಬೇಕಿದ್ದರೆ ಕಲಾದಗಿ ಎಂದು ಹುಡುಕಬೇಕು, ಏಕೆಂದರೆ ಆಗ ಜಿಲ್ಲೆಯ ಹೆಸರೇ ಅದು. ಇಂಥ ಹಳೆಯ ಹೆಸರುಗಳದೊಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ ಮೇಲೆ ಓದುಗರು ನನ್ನನ್ನು ಕೇಳುವುದು ಬಹಳ ಕಡಿಮೆಯಾಯಿತು.

ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ. ಅದರ ಇಡೀ ಪಿಡಿಎಫ್ ತೆರೆದರೆ ಕಡಿಮೆ ಬೆಲೆಯ ಮೊಬೈಲುಗಳು ನಿಂತೇ ಹೋಗುತ್ತಿದ್ದವು. ಸ್ವರಗಳು, ಕ-ವರ್ಗ, ಚ-ವರ್ಗ ಎಂದು ಕತ್ತರಿಸಿ ಬೇರೆ ಬೇರೆ ಕಡತ ಮಾಡಿದೆ. ಗಾತ್ರ ಕುಗ್ಗಿಸಲು ಹೋದಾಗ ಒತ್ತಕ್ಷರಗಳೆಲ್ಲ ಕಲಸಿ ಅರ್ಕಾವತ್ತು ಯಾವುದು, ಸೊನ್ನೆ ಯಾವುದು ತಿಳಿಯದಂತಾಯಿತು. ಈಗ ಗಾತ್ರ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿದರೂ ಅಕ್ಷರ ಸ್ಪಷ್ಟವಾಗಿವೆ. ಅದನ್ನು ಹೇಗೆ ಸಾಧಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದವರ ಎದುರು ಮಾಡಿ ತೋರಿಸುತ್ತೇನೆ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಕಣ್ಣು ಮಂದವಾದ ಹಿರಿಯರಿಗಾಗಿ ಗೂಗಲ್ ಡಾಕ್ಸ್‌ನಿಂದ ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿಸಿ ಮೊಬೈಲಿನಿಂದ ಓದಿಸಿದೆ. ಹೊಸ ಮುದ್ರಣದ ಗದ್ಯ ಚೆನ್ನಾಗಿಯೇ ಬಂತು, ಆದರೆ ಹಳೆಯ ಅಚ್ಚುಮೊಳೆಗಳಲ್ಲಿ ಮುದ್ರಿಸಿದ ವಚನಗಳನ್ನು ಯಂತ್ರ ಸಾಲುಸಾಲಾಗಿ ಕೆಡಿಸಿತು. ಒಬ್ಬರು ಕೇಳಿ ನಕ್ಕು, ತಮಗೆ ಬಾಯಿಪಾಠವಿದ್ದದ್ದನ್ನು ತಾವೇ ಹೇಳಿದರು. ಸದ್ಯಕ್ಕೆ ಅದನ್ನು ಬಿಟ್ಟಿದ್ದೇನೆ.

ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಬೇಕಾದ ಈಚಿನ ಪುಸ್ತಕಗಳು ಈ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇಲ್ಲ, ಇರಲೂಬಾರದು. ಅಂಥವರನ್ನು ಭಾನುವಾರ ಬೆಳಿಗ್ಗೆ ಸಿಗ್ನಲ್ ಸಿಗುವ ಬಸ್ ನಿಲ್ದಾಣದ ಕಟ್ಟೆಗೆ ಕರೆದೊಯ್ದು ಡಿಜಿಟಲ್ ಗ್ರಂಥಾಲಯದ ಸದಸ್ಯತ್ವವನ್ನೂ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದ ಖಾತೆಯನ್ನೂ ಒಂದೇ ಸಲ ಮಾಡಿಸುತ್ತೇನೆ. ಹೊರಡುವ ಮುನ್ನ ಎಲ್ಲರ ಪಾಸ್‌ವರ್ಡನ್ನೂ ಅವರವರ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಸುತ್ತೇನೆ. ಇಲ್ಲವಾದರೆ ಮುಂದಿನ ಭಾನುವಾರವೂ ಅದೇ ಕೆಲಸ.