ನೀಲಿ ಪ್ಲೇಟ್ ಕೊನೆಗೂ ಕಿತ್ತಳೆ ಆಯ್ತು: ಕಡಿಮೆ ದುಡ್ಡಿನ ಸಿಎಎಸ್ ಓವರ್‌ಲೇ, ನನ್ನ ಅನುಭವ

ಬೆಂಗಳೂರಿನ ಸಾಧಾರಣ ಕಾಲೇಜು ಲ್ಯಾಬ್ ನಮ್ಮದು. ಅಲ್ಲಿ ಸಿಎಎಸ್ ಪ್ಲೇಟ್ ಮಾಡ್ತೀನಿ ಅಂದಾಗ ಯಾರೂ ನಂಬಲಿಲ್ಲ. ಕಬ್ಬಿಣ ಸಾಲದಾಗ ಅದನ್ನು ಹಿಡಿದು ತರಲು ಬ್ಯಾಕ್ಟೀರಿಯಾ ಹೊರಗೆ ಬಿಡುವ ಅಣುವೇ ಸಿಡೆರೊಫೋರ್. ಸಿಎಎಸ್ ಪ್ಲೇಟ್‌ನಲ್ಲಿ ಕಬ್ಬಿಣ ಹಿಡಿದ ಡೈ (ಬಣ್ಣ) ನೀಲಿ. ಸಿಡೆರೊಫೋರ್ ಆ ಕಬ್ಬಿಣ ಕಿತ್ತುಕೊಂಡರೆ ಬ್ಯಾಕ್ಟೀರಿಯಾ ಸುತ್ತ ಕಿತ್ತಳೆ ವೃತ್ತ, ಅಂದರೆ ಹಾಲೋ, ಬರುತ್ತದೆ. "ನಮ್ಮ ನೀರಲ್ಲೇ ಕಬ್ಬಿಣ ಇದೆ, ಗಾಜಲ್ಲೂ ಇದೆ. ಪುಕ್ಕಟೆ ಸಿಗೋವಾಗ ನಿಮ್ಮ ಇ. ಕೋಲೈ ಯಾಕೆ ಕಷ್ಟಪಟ್ಟು ಸಿಡೆರೊಫೋರ್ ಮಾಡುತ್ತೆ ಮೇಡಂ?" ಅಂತ ಸೀನಿಯರ್ ಒಬ್ಬರು ಕೇಳಿದರು. ಪ್ರಶ್ನೆ ಸರಿಯೇ. ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ಈ ಪ್ಲೇಟ್‌ನ ರೆಸಿಪಿ ಶ್ವಿನ್ ಮತ್ತು ನೈಲ್ಯಾಂಡ್ಸ್ 1987ರಲ್ಲಿ ಕೊಟ್ಟದ್ದು. ನೆನಪಿನಿಂದ ಹೇಳುವುದಾದರೆ ಲೀಟರಿಗೆ ಕ್ರೋಮ್ ಅಜುರಾಲ್ (ಇದೇ ಆ ಡೈ) 60 ಮಿಲಿಗ್ರಾಂ, ಎಚ್‌ಡಿಟಿಎಂಎ ಎಂಬ ಡಿಟರ್ಜೆಂಟ್ 73 ಮಿಲಿಗ್ರಾಂ, ಪಿಎಚ್ ಕಾಯುವ ಪೈಪ್ಸ್ ಬಫರ್ ಸುಮಾರು 30 ಗ್ರಾಂ. ಡೈ ಅಗ್ಗ. ಪೈಪ್ಸ್ ಅಲ್ಲ! ಆ ಒಂದು ಬಾಟಲಿಯೇ ಪ್ರಾಜೆಕ್ಟ್ ದುಡ್ಡಿನ ಕಾಲು ಭಾಗ ನುಂಗಿತು. ದುಡ್ಡು ಉಳಿಸಲು ಮೊದಲು ಎಂ9 ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಮೀಡಿಯಾದಲ್ಲೇ ಮಾಡಿ ನೋಡಿದೆವು. ಬ್ಯಾಕ್ಟೀರಿಯಾ ಹಾಕದ ಪ್ಲೇಟೂ ಹಳದಿ ತಿರುಗಿತು. ಎಂ9ರಲ್ಲಿ ಫಾಸ್ಫೇಟ್ ಜಾಸ್ತಿ. ಅದೇ ಡೈಯಿಂದ ಕಬ್ಬಿಣ ಕಿತ್ತುಕೊಳ್ಳುತ್ತದೆ. ಫಾಸ್ಫೇಟ್ ಇಳಿಸಿದ ಮೇಲೆ ನೀಲಿ ನಿಂತಿತು, ಆದರೆ ಹಾಲೋ ಬರಲಿಲ್ಲ.

ಆಮೇಲೆ ನೀರಿನ ಕಥೆ. ಕಾವೇರಿ ನೀರು ಬರದ ದಿನ ಬೋರ್‌ವೆಲ್ ನೀರೇ ಡಿಸ್ಟಿಲೇಶನ್ ಯೂನಿಟ್‌ಗೆ ಹೋಗುತ್ತದೆ. ಹೀಟರ್ ಮೇಲೆ ಬಿಳಿ ಪದರ ಕಟ್ಟಿ ಕೂತಿತ್ತು. ಒಂದು ಬ್ಯಾಚ್ ಖರೀದಿಸಿದ ಎಚ್‌ಪಿಎಲ್‌ಸಿ ದರ್ಜೆಯ ಅತಿ ಶುದ್ಧ ನೀರಿನಲ್ಲಿ ಮಾಡಿದೆ. ಹಾಲೋ ಬಂತು. ಅಲ್ಲಿಗೆ ಕಳ್ಳ ಸಿಕ್ಕ: ನಮ್ಮ ನೀರಿನ ಕಬ್ಬಿಣ. ಆದರೆ ದಿನಾ ಆ ನೀರು ಕೊಳ್ಳಲು ಯಾರಪ್ಪನ ದುಡ್ಡು? ಯೂನಿಟ್ ಬಿಚ್ಚಿ ತೊಳೆಸಿ, ಎರಡು ಸಲ ಡಿಸ್ಟಿಲ್ ಮಾಡಿದೆವು. ಗಾಜಿನ ಸಾಮಾನಿಗೆ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಫ್ಯೂಮ್ ಹುಡ್‌ಗೆ ಆ ಹೊಗೆ ಎಳೆಯುವ ಶಕ್ತಿಯಿಲ್ಲ. ಶೇ. 10ರ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿದರೂ ಸಾಕಾಯಿತು. ಸ್ಟಾಕ್‌ಗಳನ್ನು ಪ್ಲಾಸ್ಟಿಕ್ ಬಾಟಲಿಗೆ ಬದಲಾಯಿಸಿದೆ. ಅಗರ್‌ನಲ್ಲೂ ಕಬ್ಬಿಣ ಇರುತ್ತದೆ, ಅದನ್ನೂ ತೊಳೆಯಬೇಕು. ಯಾವುದರಲ್ಲಿ, ಎಷ್ಟು ಹೊತ್ತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಲ್ಯಾಬ್‌ನ ಗುಟ್ಟು.

ಪೈಪ್ಸ್ ಖರ್ಚು ಇಳಿಸಿದ್ದು ಓವರ್‌ಲೇ. ಡೈ ಮೀಡಿಯಾದೊಳಗೆ ಬೇಡ. ಮೊದಲು ಸಾದಾ ಕಡಿಮೆ ಕಬ್ಬಿಣದ ಪ್ಲೇಟ್ ಮೇಲೆ ಬೆಳೆಸಿ, ಆಮೇಲೆ 10 ಮಿಲಿಲೀಟರ್ ನೀಲಿ ಅಗರ್ ಸುರಿಯುವುದು. ಎಚ್‌ಡಿಟಿಎಂಎ ವಿಷವಾಗಿ ಗ್ರಾಂ ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾಗಳು ಸಾಯುವ ತೊಂದರೆಯೂ ಇದರಲ್ಲಿ ತಪ್ಪುತ್ತದೆ. ಪೈಪ್ಸ್ ಕರಗಲಿಲ್ಲ ಅಂತ ಗಾಬರಿಯಾಗಬೇಡಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಹೋದರೆ ತಾನಾಗೇ ಕರಗುತ್ತದೆ. ಪಿಎಚ್ 6.8 ದಾಟಿಸಬೇಡಿ. ದಾಟಿದರೆ ಬಣ್ಣ ಹಸಿರಿಗೆ ತಿರುಗುತ್ತದೆ, ಆ ಬ್ಯಾಚ್ ಚೆಲ್ಲುವುದೇ.

ಕೆಳಗಿನ ಪ್ಲೇಟ್‌ಗೆ 0.2 ಮಿಲಿಮೋಲಾರ್ ಡೈಪಿರಿಡಿಲ್ ಹಾಕಿದ ಮೇಲೆ ನಮ್ಮ ಮೂತ್ರದ ಸ್ಯಾಂಪಲ್‌ಗಳ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಎರಡೂ ಕಿತ್ತಳೆ ಕೊಟ್ಟವು. ಡೈಪಿರಿಡಿಲ್ ತಾನೇ ಕಬ್ಬಿಣ ಹಿಡಿಯುವ ವಸ್ತು, ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸಬಹುದು. ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದ ಬ್ಲಾಂಕ್ ಪ್ಲೇಟ್ ಪ್ರತಿ ಸಲವೂ ಬೇಕೇ ಬೇಕು. ಪಾಸಿಟಿವ್ ಕಂಟ್ರೋಲ್‌ಗೆ (ಖಂಡಿತ ಕಿತ್ತಳೆ ಕೊಡಬೇಕಾದ ಹೋಲಿಕೆಗೆ) ಪರಿಚಯದ ಡಾಕ್ಟರ್ ಒಬ್ಬರು ಅವಧಿ ಮುಗಿದ ಡೆಸ್‌ಫೆರಾಲ್ ವಯಲ್ ಕೊಟ್ಟರು. ಥಲಸ್ಸೀಮಿಯಾ ರೋಗಿಗಳಲ್ಲಿ ಹೆಚ್ಚಾದ ಕಬ್ಬಿಣ ತೆಗೆಯುವ ಆ ಔಷಧಿಯೇ ಸ್ಟ್ರೆಪ್ಟೊಮೈಸಿಸ್‌ನ ಸಿಡೆರೊಫೋರ್. ಒಂದು ಹನಿ ಬಿಟ್ಟರೆ ನೀಲಿಯಲ್ಲಿ ಕಿತ್ತಳೆ ಚುಕ್ಕೆ. ಅದನ್ನು ನೋಡಿ ಆ ಸೀನಿಯರ್ ಸುಮ್ಮನಾದರು. ನಾನೂ ಆ ದಿನ ಸ್ವಲ್ಪ ಜೋರಾಗೇ ಮಾತಾಡಿದೆ ಅನ್ನಿ.

ನಡುವೆ ಬೇರೆ ಆಟಗಳೂ ನಡೆದವು. ಎಸ್‌.ಪಿ. ರೋಡ್‌ನಿಂದ ಅಗ್ಗದ ಯುವಿ ಟಾರ್ಚ್ ತಂದು ಸ್ಯೂಡೊಮೊನಾಸ್ ಪ್ಲೇಟ್‌ಗೆ ಬಿಟ್ಟೆ. ಅದರ ಸಿಡೆರೊಫೋರ್ ಪಯೋವರ್ಡಿನ್ ಹಸಿರಾಗಿ ಹೊಳೆಯಿತು, ಡೈ ಖರ್ಚೂ ಇಲ್ಲ. ಇನ್ನೊಂದು ಸಲ ನನ್ನದೇ ರಕ್ತದ ಸೀರಂ ತೆಗೆದು, ಬ್ಯಾಕ್ಟೀರಿಯಾ ಕೊಲ್ಲುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಸಾಯಲಿ ಅಂತ 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಬ್ಯಾಕ್ಟೀರಿಯಾ ಬೆಳೆಯುವ ಬ್ರಾತ್‌ಗೆ (ದ್ರವ ಮೀಡಿಯಾಕ್ಕೆ) ಸೇರಿಸಿದೆ. ಬೆಳವಣಿಗೆ ಕುಂಟಿತು. ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಕಿದಾಗ ಚೇತರಿಸಿಕೊಂಡಿತು. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಟ್ರಾನ್ಸ್‌ಫೆರಿನ್. ಆರೋಗ್ಯವಂತರ ಟ್ರಾನ್ಸ್‌ಫೆರಿನ್‌ನಲ್ಲಿ ಮೂರನೇ ಒಂದು ಭಾಗದಷ್ಟೇ ಕಬ್ಬಿಣ ತುಂಬಿರುತ್ತದೆ. ಖಾಲಿ ಜಾಗವೆಲ್ಲ ಸಿಕ್ಕ ಕಬ್ಬಿಣ ಹಿಡಿಯಲು ಕಾಯುತ್ತಿರುತ್ತದೆ. ಬ್ರಾತ್ ಹುಳಿಯಾದರೆ ಮಾತ್ರ ಟ್ರಾನ್ಸ್‌ಫೆರಿನ್ ಹಿಡಿತ ಬಿಡುತ್ತದೆ, ಪಿಎಚ್ ನೋಡುತ್ತಿರಿ.

ಸ್ಟ್ಯಾಫಿಲೊಕಾಕಸ್ ಆರಿಯಸ್ ನಿರಾಸೆ ಮಾಡಿತು. ಹಾಲೋ ತೀರಾ ಮಸುಕು. ಅದಕ್ಕೆ ಸಿಡೆರೊಫೋರ್ ಇದೆ, ಆದರೆ ಇಷ್ಟ ಹೀಮ್, ಅಂದರೆ ರಕ್ತದಲ್ಲಿ ಕಬ್ಬಿಣ ಇಟ್ಟುಕೊಂಡ ಕೆಂಪು ಅಣು. ಕೆಂಪು ರಕ್ತಕಣ ಒಡೆದು, ಹೀಮೊಗ್ಲೋಬಿನ್‌ನಿಂದ ಹೀಮ್ ಕಿತ್ತು ಒಳಗೆ ಎಳೆದುಕೊಳ್ಳುತ್ತದೆ. ಗೊನೊರಿಯಾದ ನೈಸೀರಿಯಾ ಇನ್ನೂ ನೇರ. ಮನುಷ್ಯರ ಟ್ರಾನ್ಸ್‌ಫೆರಿನ್‌ಗೇ ಬಾಯಿ ಹಾಕುತ್ತದೆ. ಇವೆರಡರ ಕಳ್ಳತನ ಸಿಎಎಸ್ ಪ್ಲೇಟ್‌ಗೆ ಕಾಣುವುದಿಲ್ಲ.

ಕಿತ್ತಳೆ ಬಂತು, ಹಾಗಾಗಿ ರೋಗಕಾರಕ ಅಂತ ಬರೆಯುವ ಪ್ರಾಜೆಕ್ಟ್ ವರದಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಲ್ಯಾಬ್‌ನ ಸಾಧು ಇ. ಕೋಲೈ ಕೆ-12 ಕೂಡ ಎಂಟರೊಬ್ಯಾಕ್ಟಿನ್ ಎಂಬ ಸಿಡೆರೊಫೋರ್ ಮಾಡುತ್ತದೆ ಅಲ್ವಾ? ದೇಹದಲ್ಲಿ ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್ ಅದನ್ನು ಹಿಡಿದು ಕೂರಿಸುತ್ತದೆ. ತಪ್ಪಿಸಿಕೊಳ್ಳುವುದು ಸಕ್ಕರೆ ಅಂಟಿಸಿಕೊಂಡ ಸಾಲ್ಮೊಕೆಲಿನ್, ಮತ್ತೆ ಏರೊಬ್ಯಾಕ್ಟಿನ್ ಎಂಬ ಸಿಡೆರೊಫೋರ್‌ಗಳು. ನಮ್ಮ ಕ್ಲೆಬ್ಸಿಯೆಲ್ಲಾಗಳಿಗೆ ಕ್ಯಾಟೆಕಾಲ್ ಬಗೆಯ ಸಿಡೆರೊಫೋರ್ ಹುಡುಕುವ ಅರ್ನೋ ಟೆಸ್ಟ್ ಮಾಡಿದೆ. ಮೊದಲು ಹಳದಿ, ಕ್ಷಾರ ಹಾಕಿದಾಗ ಕೆಂಪು, ಅಂದರೆ ಕ್ಯಾಟೆಕಾಲ್ ಇದೆ. ಎಂಟರೊಬ್ಯಾಕ್ಟಿನ್ ಆ ಬಗೆಯದೇ, ಅದು ಬಹುತೇಕ ಎಲ್ಲದರಲ್ಲೂ ಇರುವುದರಿಂದ ಇದರಲ್ಲಿ ಹೊಸದೇನೂ ಇಲ್ಲ. ಏರೊಬ್ಯಾಕ್ಟಿನ್ ಇದೆಯೋ ಇಲ್ಲವೋ ತಿಳಿಯಲು ಅದರ ಜೀನ್ ಹುಡುಕುವ ಪಿಸಿಆರ್ ಬೇಕು. ಪ್ರೈಮರ್ ಆರ್ಡರ್ ಮಾಡಿದ್ದೇನೆ, ಮಷೀನು ಗೆಳತಿಯ ಲ್ಯಾಬ್‌ನದು.