ಕಾಡು ಸವರಿದ ಎರಡೆಕರೆಯ ಮಣ್ಣು: ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ಮಾಲ್ಕಿ ಜಮೀನಿನ ಹಿಂಬದಿಯ ಇಳಿಜಾರಿನಲ್ಲಿ ಮತ್ತಿ, ನಂದಿ, ಹೊನ್ನೆ ಮರಗಳಿದ್ದ ಎರಡೆಕರೆ ಕಾಡನ್ನು 2011ರಲ್ಲಿ ಅನುಮತಿ ಪಡೆದು ಸವರಿ, ಸೊಪ್ಪುಸದೆಯನ್ನೆಲ್ಲ ಅಲ್ಲಿಯೇ ಸುಟ್ಟು, ಶುಂಠಿ ಹಾಕಿದೆ. ಮೊದಲ ಫಸಲನ್ನು ಕಂಡವರೆಲ್ಲ ಕಾಡುಮಣ್ಣಿನ ಸಾರವನ್ನು ಹೊಗಳಿದರು. ಅದರಲ್ಲಿ ಬೂದಿಯ ಪಾಲು ಎಷ್ಟು ದೊಡ್ಡದಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಮರಗಳು ಹತ್ತಾರು ವರ್ಷ ಮೈಯಲ್ಲಿ ಕೂಡಿಟ್ಟುಕೊಂಡಿದ್ದ ಪೊಟ್ಯಾಷ್, ಕ್ಯಾಲ್ಸಿಯಂಗಳು ಒಂದೇ ಬೇಸಿಗೆಯಲ್ಲಿ ನೆಲಕ್ಕೆ ಬಿದ್ದು ಮಣ್ಣಿನ ಹುಳಿಯನ್ನು ಕೆಲಕಾಲ ತಗ್ಗಿಸಿದ್ದವು. ಸುಟ್ಟ ಸೊಪ್ಪಿನ ಸಾರಜನಕ ಮಾತ್ರ ಬಹುಪಾಲು ಹೊಗೆಯಾಗಿ ಹೋಗಿತ್ತು.

ಎರಡನೆಯ ವರ್ಷ ಮೆಕ್ಕೆಜೋಳ, ಮೂರನೆಯ ವರ್ಷ ಮತ್ತೆ ಶುಂಠಿ. ಗೊಬ್ಬರ ಹೆಚ್ಚಿಸಿದರೂ ಇಳುವರಿ ಅರ್ಧಕ್ಕಿಳಿಯಿತು. ಕೊಳೆರೋಗವೂ ಇತ್ತು, ಆದ್ದರಿಂದ ತಪ್ಪನ್ನೆಲ್ಲ ಮಣ್ಣಿನ ತಲೆಗೆ ಕಟ್ಟಲಾರೆ. ಆದರೆ ರೋಗ ತಗುಲದ ಮಡಿಗಳೂ ಸೊರಗಿದ್ದವು.

2015ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ಕೊಳೆತ ಎಲೆ, ಬೇರುಗಳ ಅಂಶ ಮಣ್ಣಿನಲ್ಲಿ ಎಷ್ಟಿದೆಯೆಂದು ತೋರಿಸುವ ಸಾವಯವ ಇಂಗಾಲ ಶೇ. 1.4 ಎಂದೂ, ಅದರ ಮುಂದೆ ‘ಹೆಚ್ಚು’ ಎಂದೂ ಬರೆದು ಬಂತು. ನಮ್ಮಲ್ಲಿ ಬಳಕೆಯಲ್ಲಿರುವ ಅಳತೆಗೋಲಿನಲ್ಲಿ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಹೆಚ್ಚು. ಸಮಾಧಾನವಾಗದೆ, ಬೇಲಿಯಾಚೆ ಕಡಿಯದೆ ಉಳಿದಿದ್ದ ಕಾಡಿನಲ್ಲಿ, ಅದೇ ಇಳಿಜಾರಿನಲ್ಲಿ, ಅಷ್ಟೇ ಆಳದಿಂದ ಮಣ್ಣು ತೆಗೆದು ಕಳುಹಿಸಿದೆ. ಅದು ಶೇ. 2.6 ಇತ್ತು, ಅದಕ್ಕೂ ‘ಹೆಚ್ಚು’ ಎಂದೇ ಬರೆದಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಕಳೆದುಕೊಂಡ ನೆಲಕ್ಕೂ ಏನನ್ನೂ ಕಳೆದುಕೊಳ್ಳದ ನೆಲಕ್ಕೂ ಒಂದೇ ದರ್ಜೆ. ಎರಡೂ ಬದಿ ಕತ್ತರಿಸಿದ ಹಾಲಿನ ಪುಡಿಯ ಡಬ್ಬಿಯೊಂದನ್ನು ಎರಡೂ ಕಡೆ ನೆಲಕ್ಕೆ ಹೊಡೆದು, ತುಂಬಿದ ಮಣ್ಣನ್ನು ಒಣಗಿಸಿ ತೂಗಿದಾಗ, ಸಾಗುವಳಿಯ ಮಣ್ಣು ಕಾಲು ಪಾಲಿನಷ್ಟು ಹೆಚ್ಚು ತೂಗಿತು. ಅಂದರೆ ಗಾಳಿ, ನೀರು ಓಡಾಡುವ ಎಡೆಗಳು ಮುಚ್ಚಿಹೋಗಿದ್ದವು.

ನಮ್ಮ ಜಂಬಿಟ್ಟಿಗೆ ಮಣ್ಣಿನ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಕಡಿಮೆ; ಆ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಕೊಳೆತ ಎಲೆಯಿಂದಾದ ಕಪ್ಪು ಅಂಶವೇ. ಅದು ಕರಗಿದ ಮೇಲೆ ಹಾಕಿದ ಯೂರಿಯಾ, ಪೊಟ್ಯಾಷ್‌ಗಳು ಮಳೆಯೊಡನೆ ಇಳಿದು ಹೋಗುತ್ತವೆ, ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಗಿಡಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಉದುರುವ ಎಲೆಯನ್ನು ನಿಲ್ಲಿಸಿ, ವರ್ಷವರ್ಷವೂ ನೆಲವನ್ನು ಅಗೆದು ಬಿಸಿಲಿಗೊಡ್ಡಿ, ಸಾಲದ್ದಕ್ಕೆ ನೀರು ಬೇಗ ಬಸಿಯಲೆಂದು ಮಡಿಗಳನ್ನು ಇಳಿಜಾರಿನ ಗುಂಟ ಮಾಡಿದ್ದೆ. ಜೂನ್ ತಿಂಗಳ ಮೊದಲ ಮಳೆಗೆ ಕೆಳಗಿನ ಹಳ್ಳ ಕೆಂಪಾಗುತ್ತಿದ್ದುದನ್ನು ನೋಡಿಯೂ ನೋಡದಂತಿದ್ದೆ.

ಉತ್ತರ ಕನ್ನಡದಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು, ತರಗೆಲೆ ತರುವ ಕಾಡು, ಬಿಟ್ಟುಕೊಟ್ಟಿದ್ದ ಪದ್ಧತಿ ಅತಿಯಾಯಿತೆಂದು ಹಿಂದೆ ನನಗನ್ನಿಸುತ್ತಿತ್ತು, ಈಗ ಹಾಗನ್ನಿಸುವುದಿಲ್ಲ.

2016ರಿಂದ ಅಗೆತ ನಿಲ್ಲಿಸಿ, ಇಳಿಜಾರಿಗೆ ಅಡ್ಡಲಾಗಿ ಅಗಳ ತೆಗೆಸಿ, ಅದರ ಬದುವಿನಲ್ಲಿ ಹಸಿರೆಲೆ ಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ ನೆಟ್ಟು, ವರ್ಷಕ್ಕೆ ಎರಡು ಬಾರಿ ಸವರಿದ ಸೊಪ್ಪನ್ನು ಅಡಿಕೆ ಸಸಿಗಳ ಬುಡಕ್ಕೆ ಹೊದಿಸುತ್ತಿದ್ದೇನೆ; ಹುಳಿ ತಗ್ಗಿಸಲು ಪರೀಕ್ಷೆಯ ಸಲಹೆಯಂತೆ ಕೃಷಿ ಸುಣ್ಣ ಹಾಕುತ್ತೇನೆ. 2023ರ ಪರೀಕ್ಷೆಯಲ್ಲಿ ಇಂಗಾಲ ಶೇ. 1.7 ಬಂದಿದೆ. ಕಳೆದುಕೊಂಡದ್ದಕ್ಕೆ ನಾಲ್ಕು ವರ್ಷ ಸಾಕಾಗಿತ್ತು, ಅದರ ಕಾಲು ಭಾಗ ಮರಳಲು ಏಳು ವರ್ಷ ಹಿಡಿದಿದೆ. ಈಗ ಪ್ರತಿ ಸಲವೂ ಬೇಲಿಯಾಚೆಯ ಮಣ್ಣನ್ನೂ ಜೊತೆಗೇ ಕಳುಹಿಸುತ್ತೇನೆ.