ಊರಿನ ಹಳೇ ಗ್ಯಾಂಗ್ ಕೊಲೆ ಕೇಸು ಹುಡುಕೋದು ಹೇಗೆ?

ಬಳ್ಳಾರಿ ಕಡೆಯ ಯಾವ ಓಣಿಗೆ ಹೋದರೂ ಇಂಥ ಕಥೆ ಒಂದಿರುತ್ತೆ. ಯಾವನೋ ದಾದಾನನ್ನು ಎದುರು ಗ್ಯಾಂಗಿನವರು ಹಾಡಹಗಲೇ ಕೊಚ್ಚಿ ಹಾಕಿದರಂತೆ, ಪೊಲೀಸರು ನೋಡ್ತಾ ನಿಂತಿದ್ದರಂತೆ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಒಬ್ಬೊಬ್ಬರು ಹೇಳಿದಾಗಲೂ ಮಚ್ಚಿನೇಟು ಎರಡು ಜಾಸ್ತಿಯಾಗುತ್ತೆ. ಬರೆದಿಟ್ಟುಕೊಳ್ಳಿ, ಆದರೆ ಅದನ್ನೇ ಇತಿಹಾಸ ಅಂತ ಹಂಚಬೇಡಿ.

ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ. ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅದಕ್ಕಿಂತ ಹಳೇ ಕೇಸಾದರೆ ಅಪೀಲು ಮದ್ರಾಸ್ ಹೈಕೋರ್ಟಿಗೆ ಹೋಗಿರುತ್ತೆ, ಆ ಕಾಲದ ಸರ್ಕಾರಿ ಕಾಗದಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲೇ ಕೇಳಬೇಕು. ರಾಯಚೂರು, ಕೊಪ್ಪಳದವರ ಪಾಡು ಬೇರೆ. 1956ರವರೆಗೆ ಹೈದರಾಬಾದ್ ರಾಜ್ಯ, ನಿಜಾಮರ ಕಾಲದ ಫೈಲು ಉರ್ದುವಿನಲ್ಲಿ, ಓದಿ ಹೇಳೋ ಹಿರಿಯರೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕೊಪ್ಪಳ ಜಿಲ್ಲೆಯಾಗಿದ್ದೇ 1997ರಲ್ಲಿ, ಹಿಂದಿನದೆಲ್ಲ ರಾಯಚೂರಿನ ಲೆಕ್ಕದಲ್ಲೇ ಇರುತ್ತೆ.

ಆಮೇಲೆ ತೀರ್ಪು. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೆ ಹೈಕೋರ್ಟು ಅದನ್ನು ಖಾಯಂ ಮಾಡಬೇಕು, ಹಾಗಾಗಿ ಗಲ್ಲಿನ ಕೇಸುಗಳ ಜಾಡು ಸ್ವಲ್ಪ ಸುಲಭ. ಇಂಡಿಯನ್ ಕಾನೂನ್ ಸೈಟಿನಲ್ಲಿ ಊರಿನ ಹಳೇ ಸ್ಪೆಲ್ಲಿಂಗ್ ಹಾಕಿ ಹುಡುಕಿ. 1973ಕ್ಕೆ ಹಿಂದಿನದಾದರೆ 'ಸ್ಟೇಟ್ ಆಫ್ ಮೈಸೂರ್' ಅಂತಿರುತ್ತೆ. ಹಳೇ ದಂಡ ಸಂಹಿತೆಯ (ಐಪಿಸಿ) ಕೊಲೆಯ ಸೆಕ್ಷನ್ 302ರ ಜೊತೆ 149 ಕಂಡರೆ ಐದು ಅಥವಾ ಜಾಸ್ತಿ ಜನರ ಗುಂಪಿನ ಮೇಲೆ ಕೇಸು ಹಾಕಿದ್ದಾರೆ ಅಂತ ಅರ್ಥ.

ತೀರ್ಪನ್ನು ಕೊನೆಯ ಪುಟದಿಂದ ಓದಬೇಡಿ. ಸಾಕ್ಷಿಗಳ ಭಾಗದಲ್ಲೇ ಊರು ಇರೋದು. ರಾತ್ರಿ ನಡೆದ ಕೊಲೆಯಾದರೆ ಆರೋಪಿಯ ಮುಖ ಕಂಡಿದ್ದು ಹೇಗೆ ಅಂತ ವಕೀಲರು ಪಟ್ಟು ಹಿಡಿದು ಕೇಳಿರುತ್ತಾರೆ. ಬೀದಿದೀಪ ಉರಿಯುತ್ತಿತ್ತಾ, ಕಂಬ ಎಷ್ಟು ದೂರ, ಬೀಡಿ ಅಂಗಡಿ ಬಾಗಿಲು ಹಾಕಿತ್ತಾ? ಆ ಓಣಿಯ ರಾತ್ರಿ ಹೇಗಿತ್ತು ಅನ್ನೋದನ್ನು ಬೇರೆ ಯಾರೂ ಇಷ್ಟು ವಿವರವಾಗಿ ಬರೆದಿಡಲ್ಲ. ಪಂಚನಾಮೆ ಸಿಕ್ಕರಂತೂ ಜಾಗದ ನಕ್ಷೆಯನ್ನೇ ಬಿಡಿಸಬಹುದು.

ಠಾಣೆಯಲ್ಲಿ ಸುಮ್ನೆ ಬಾಯಿಮಾತಲ್ಲಿ ಕೇಳಿದರೆ ಕೆಲಸ ಆಗಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, 20 ವರ್ಷಕ್ಕಿಂತ ಹಳೇ ಘಟನೆ ಅಂತ ಸೆಕ್ಷನ್ 8(3) ನೆನಪಿಸಿ. ಆಗ ಮಾಹಿತಿ ಕೊಡದಿರೋಕೆ ಅವರಿಗೆ ಕೆಲವು ವಿನಾಯಿತಿ ಮಾತ್ರ ಉಳಿಯುತ್ತೆ, 'ತನಿಖೆಗೆ ತೊಂದರೆ' ಅನ್ನೋ ನೆಪ ನಡೆಯಲ್ಲ. ಫೈಲೇ ನಾಶವಾಗಿದ್ದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ. ಪೇಪರಿನ ಹಳೇ ಸಂಚಿಕೆ ತಿರುವುವಾಗ ಕೊಲೆಯ ಮರುದಿನದ್ದು ಮಾತ್ರ ನೋಡಿ ನಿಲ್ಲಿಸಬೇಡಿ, ವಿಚಾರಣೆಯ ದಿನಗಳದ್ದೂ ನೋಡಿ.

ಸಾಕ್ಷಿಗಳು ತಿರುಗಿಬಿದ್ದು ಎಲ್ಲರೂ ಖುಲಾಸೆಯಾಗಿದ್ದರೆ ಊರು ಏನೇ ಅನ್ನಲಿ, ನೀವು ಅವರನ್ನು ಕೊಲೆಗಾರರು ಅಂತ ಬರೆಯೋ ಹಾಗಿಲ್ಲ. ಊರು ಯಾಕೆ ಹಾಗೆ ನಂಬಿತು ಅಂತ ಬರೆಯಿರಿ, ಹೆಸರು ಬೇಡ. ಸತ್ತವನ ಮನೆಯವರೂ ಆರೋಪಿಗಳ ಮನೆಯವರೂ ಇನ್ನೂ ಅಲ್ಲೇ ಇರುತ್ತಾರೆ ಅಲ್ವಾ?

ಕೊನೆಯದಾಗಿ, ಜಗಳ ಯಾವುದರ ಮೇಲೆ ಅಂತ ಕೆದಕಿ. ಹೆಣ್ಣಿನ ವಿಷಯ ಅಂತ ಹೇಳೋರು ಜಾಸ್ತಿ. ಆದರೆ ಮಟ್ಕಾ, ಲಾರಿ ಲೋಡು, ಸಾರಾಯಿ ಗುತ್ತಿಗೆ ಇವನ್ನು ಬಿಟ್ಟು ನೋಡಬೇಡಿ. ಸಾರಾಯಿ ಬಂದ್ ಆಗಿದ್ದು 2007ರಲ್ಲಿ, ಅಲ್ಲಿವರೆಗೆ ಹರಾಜು ನಡೆಯುತ್ತಿತ್ತು. ಕೊಲೆ ನಡೆದ ವರ್ಷ ಗುತ್ತಿಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಅಬಕಾರಿ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ.